ಮೇಜಿನ ಅಂಚಿನ ಹನ್ನೆರಡು ಕಚ್ಚು

"ರಿಟೈರಾಗಿ ನಾಲ್ಕು ತಿಂಗಳಾಯ್ತು. ಈ ಮನೇಲಿ ಒಂದು ಮೊಳೆನಾದ್ರೂ ಹೊಡೆದಿದ್ದೀರಾ?" ಎಂದು ಕೇಳಿ ಹೆಂಡತಿ ಅಕ್ಕನ ಮನೆಗೆ ಹೊರಟುಹೋದಳು. ಬರುವುದು ಎರಡು ದಿನ ಬಿಟ್ಟು. ಅಷ್ಟರೊಳಗೆ ಅವಳ ಬಾಯಿಂದ 'ಭೇಷ್' ಅನ್ನಿಸಿಕೊಳ್ಳದಿದ್ದರೆ ತಾನು ಮೂವತ್ತೈದು ವರ್ಷ ಅಂಚೆ ಕಚೇರಿಯಲ್ಲಿ ಸೀಲು ಹೊಡೆದವನೇ ಅಲ್ಲ ಎಂದು ಯಜಮಾನರು ಹಟ ತೊಟ್ಟರು. ಕಣ್ಣಿಗೆ ಬಿದ್ದದ್ದು ಅವಳು ಬಟ್ಟೆ ಕತ್ತರಿಸುವ ಮೇಜು.

ಅವಳು ಮನೆಯಲ್ಲೇ ಹೊಲಿಗೆ ಮಾಡುವವಳು. ಮೇಜಿಗೂ ಅವಳ ಕಸುಬಿಗೂ ಒಂದೇ ವಯಸ್ಸು. ಮೇಲೆಲ್ಲ ಇಸ್ತ್ರಿಪೆಟ್ಟಿಗೆಯ ಕಲೆ, ಮುಂದಿನ ಅಂಚಿನುದ್ದಕ್ಕೂ ಇಲಿ ಕಡಿದಂಥ ಹನ್ನೆರಡು ಕಚ್ಚು.

"ಇದೇನು ಮಹಾ! ಮಧ್ಯಾಹ್ನದೊಳಗೆ ಮುಗಿಸ್ತೀನಿ" ಎಂದುಕೊಂಡರು.

ಮಹಾ ಏನೆಂದು ಮೇಜು ತೋರಿಸಿಕೊಟ್ಟಿತು. ಹಳೆಯ ವಾರ್ನಿಶ್ ಕೆರೆದರೆ ಅಂಟಂಟಾಗಿ ಬೆರಳಿಗೇ ಮೆತ್ತಿಕೊಂಡಿತು. ಮರಳುಕಾಗದ ನಾಲ್ಕು ಸಲ ಉಜ್ಜುವಷ್ಟರಲ್ಲಿ ನುಣ್ಣಗಾಗಿ ಕೂತಿತು. ಧೂಳು ಮೂಗಿಗೆ ಹೋಗಿ ಸೀನಿ ಸೀನಿ ಸಾಕಾಯಿತು. ಸಂಜೆಯ ಹೊತ್ತಿಗೆ ಸೊಂಟ ಬಿದ್ದುಹೋಯಿತು, ಅರ್ಧ ಮೇಜೂ ಆಗಿರಲಿಲ್ಲ.

ಮರುದಿನವೆಲ್ಲ ಆ ಕಚ್ಚುಗಳ ಕಾಟ. ಮರದ ತೂತು ಮುಚ್ಚುವ ಪುಟ್ಟಿ ತುಂಬಿದರೆ ಒಣಗಿ ಕುಸಿಯುವುದು, ಮತ್ತೆ ತುಂಬಿದರೆ ಉಬ್ಬುವುದು. "ದರಿದ್ರ ಇಲಿ!" ಎಂದು ಇಲ್ಲದ ಇಲಿಗೆ ಬೈದರು. ಹಾಗೂ ಹೀಗೂ ಅಂಚು ಸಮ ಮಾಡಿ ಪಾಲಿಶ್ ಹೊಡೆದರೆ, ಕುಂಚದ ಕೂದಲು ಕಿತ್ತುಬಂದು ಅದರಲ್ಲೇ ಅಂಟಿತು. ಕೂದಲು ತೆಗೆಯುವಷ್ಟರಲ್ಲಿ ಇರುವೆಯೊಂದು ಮೇಜಿನ ನಡುಮಧ್ಯ ಸಿಕ್ಕಿಬಿತ್ತು. ಯಜಮಾನರಿಗೆ ಅಳುವುದೊಂದೇ ಬಾಕಿ. ಅಂತೂ ಮೂರನೆಯ ದಿನ ಮೇಜು ಒಣಗಿ ಮುಖ ಕಾಣುವಂತೆ ಹೊಳೆಯಿತು. ಅಂಚಿನ ಮೇಲೆ ಕೈ ಆಡಿಸಿ ಆಡಿಸಿ ನೋಡಿಕೊಂಡರು. ಒಂದೇ ಒಂದು ತೊಡಕಿರಲಿಲ್ಲ.

ಸಂಜೆ ಹೆಂಡತಿ ಬಂದಳು. ಬೆಳಗಾಗುವುದರೊಳಗೆ ಆರು ಅಂಗಿ ಕತ್ತರಿಸುವುದಿತ್ತು. ಹೊಳಪನ್ನು ಕಂಡು ಹುಬ್ಬೇರಿಸಿದಳು, ನಕ್ಕಳು ಕೂಡ. ಇನ್ನೇನು ಆ ಮಾತು ಬಂತು ಎಂದು ಯಜಮಾನರು ಕಾದರು. ಅವಳು ಬಟ್ಟೆ ಹಾಸಿದಳು. ಕಣ್ಣು ಬಟ್ಟೆಯ ಮೇಲಿತ್ತು, ಎಡಗೈ ಹೆಬ್ಬೆರಳು ಅಂಚಿನುದ್ದಕ್ಕೂ ಸರಿಯಿತು. ಹಿಂದಕ್ಕೆ ಬಂತು. ಮತ್ತೆ ಸರಿಯಿತು.

"ರೀ, ನನ್ನ ಗುರುತುಗಳೆಲ್ಲಿ?"

"ಯಾವ ಗುರುತು?"

"ಇಲ್ಲಿ ತೋಳಿನದು, ಇಲ್ಲಿ ಕಾಲರಿಂದು, ಇಲ್ಲಿ ಎದೆದು. ಟೇಪು ಹಿಡೀದೆ ಬೆರಳಲ್ಲೇ ಅಳೀತಿದ್ದೆ. ಇಪ್ಪತ್ತೆಂಟು ವರ್ಷದಿಂದ ಅಳೀತಿದ್ದೆ!"

"ಇಲಿ ಕಡಿದಿದ್ದು ಅಂದ್ಕೊಂಡೆ."

"ಇಲಿನಾ?" ಅವಳು ಸ್ಟೂಲಿನ ಮೇಲೆ ಕುಸಿದು ಕೂತಳು. ಬೈದಿದ್ದರೂ ಚೆನ್ನಾಗಿತ್ತು.

ಯಜಮಾನರಿಗೆ ರೇಗಿತು. "ಒಂದು ದಿನಾನಾದ್ರೂ ಹೇಳಬಾರದಿತ್ತಾ?"

"ನೀವು ಒಂದು ದಿನಾನಾದ್ರೂ ಕೇಳಿದ್ರಾ?"

ಅವಳು ಎದ್ದು, ಅಂಚಿಗೆ ಟೇಪು ಹಿಡಿದು, ಒಂದು ಕಡೆ ಉಗುರೂರಿ, ಚಾಕು ತಂದು ಅವರ ಕೈಗಿಟ್ಟಳು.

"ಕಚ್ಚು ಹಾಕಿ. ಅಳಿಸಿದವರೇ ಹಾಕಬೇಕು."

ಯಜಮಾನರು ಹಲ್ಲು ಕಚ್ಚಿಕೊಂಡು ಒತ್ತಿದರು. ಹೊಸ ಪಾಲಿಶ್ ಚಟ್ಟೆಂದು ಸಿಡಿಯಿತು, ಒಳಗಿನ ಬಿಳಿ ಮರ ಕಂಡಿತು. ಅವಳು ಆ ಕಚ್ಚಿನಲ್ಲಿ ಹೆಬ್ಬೆರಳಿಟ್ಟು, ಕಣ್ಣು ಮುಚ್ಚಿ ನೋಡಿದಳು.

"ಭೇಷ್" ಎಂದಳು. "ಇನ್ನೂ ಹನ್ನೊಂದಿದೆ."