ಹಳೆ ಎಲೆಯ ಚಹಾ

ಚಾವ್‌ಝೌ ಊರಿನ ಹಳೆಯ ಕೋಟೆಗೋಡೆಯ ಮಗ್ಗುಲ ಓಣಿಯಲ್ಲಿ ಸಿಯು-ಖಿಮ್ ಕಾಸುವ ಚಹಾ ಹೆಸರುವಾಸಿ. ಹೊಗಳಿಕೆಗೆ ಅವಳು ಸೊಪ್ಪು ಹಾಕುವವಳಲ್ಲ. ಮಣ್ಣೊಲೆಯಲ್ಲಿ ಆಲಿವ್ ಬೀಜದ ಇದ್ದಿಲು ಕೆಂಪಾಗಬೇಕು, ನೀರಿನಲ್ಲಿ ಏಡಿಯ ಕಣ್ಣಿನಷ್ಟು ಗುಳ್ಳೆ ಏಳಬೇಕು, ಮುಷ್ಟಿಗಾತ್ರದ ಗಿಂಡಿಯಲ್ಲಿ ಫೆಂಗ್‌ಹುವಾಂಗ್ ಬೆಟ್ಟದ ಎಲೆ ಮುಕ್ಕಾಲು ತುಂಬಬೇಕು. ಮೊದಲ ನೀರು ಎಲೆ ತೊಳೆಯುವುದಕ್ಕೆ, ಅದನ್ನು ಚೆಲ್ಲಿಬಿಡುವುದು. ಎರಡನೆಯದನ್ನು ಮೂರು ಬಟ್ಟಲುಗಳ ಮೇಲೆ ಸುತ್ತಿ ಸುತ್ತಿ ಸುರಿಯುವುದು, ಒಂದು ಗಾಢ ಇನ್ನೊಂದು ತೆಳು ಆಗದ ಹಾಗೆ. ಕುಡಿಯುವವರು ಇಬ್ಬರಿರಲಿ, ಐವರಿರಲಿ, ಬಟ್ಟಲು ಮೂರೇ.

ಅವಳ ಮನೆಯಲ್ಲಿ ದಿನವೂ ಕುಡಿಯುವವರು ಇಬ್ಬರು. ಅವಳು, ಮತ್ತೆ ಎದುರುಮನೆಯ ಕ್ವೇಕ್ ಮೇಷ್ಟ್ರು. ಮೂರನೆಯ ಬಟ್ಟಲು ಹಾಗೇ ಆರುತ್ತಿತ್ತು.

"ಇದನ್ನ ಸಯಾಮಿಗೆ ಟಪಾಲಲ್ಲಿ ಹಾಕ್ತೀಯೇನಮ್ಮಾ?" ಎಂದು ಮೇಷ್ಟ್ರು ಕೆಣಕುತ್ತಿದ್ದರು.

ಸಯಾಮಿನಲ್ಲಿ, ಕಡಲಾಚೆಯ ಬ್ಯಾಂಕಾಕಿನಲ್ಲಿ, ಅವಳ ಗಂಡ ಬೂನ್-ಹಾಕ್ ಇದ್ದ. ಮದುವೆಯಾಗಿ ಏಳು ತಿಂಗಳಿಗೆ, ಎರಡು ವರ್ಷದಲ್ಲಿ ಬರುತ್ತೇನೆಂದು ಹಡಗು ಹತ್ತಿದವನು. ಆಗ ಅವಳಿಗೆ ಇಪ್ಪತ್ತು, ಈಗ ಐವತ್ತೆರಡು. ಅಲ್ಲಿ ಇನ್ನೊಂದು ಮದುವೆಯಾಗಿದ್ದನ್ನೂ ಇಬ್ಬರು ಗಂಡುಮಕ್ಕಳಾಗಿದ್ದನ್ನೂ ಅವನೇ ಬರೆದಿದ್ದ. ಓದಿ ಮೂರು ದಿನ ಅವಳಿಗೆ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಎದ್ದು ಅತ್ತೆಗೆ ಗಂಜಿ ಬೇಯಿಸಿದಳು. ಅವನನ್ನು ಬೈಯಲು ಅವಳಿಗೆ ಬರುತ್ತಿತ್ತು, ಬಿಡಲು ಮಾತ್ರ ಬರಲಿಲ್ಲ.

ವರ್ಷಗಟ್ಟಲೆ ಮುಚ್ಚಿದ್ದ ಗಡಿ ಈಗ ಸಡಿಲವಾಗಿತ್ತು, ಸಯಾಮಿಗೆ ಹೋದವರು ಊರು ನೋಡಲು ಬರುತ್ತಿದ್ದರು. ಹದಿನೆಂಟನೇ ತಾರೀಕು ಬೆಳಿಗ್ಗೆ ಮನೆಗೆ ಬರುತ್ತೇನೆ, ಸಂಜೆಗೆ ಹೊರಡಬೇಕು ಎಂದು ಅವನ ಕಾಗದ ಬಂದಿತ್ತು.

ಆ ಬೆಳಿಗ್ಗೆ ಮೇಷ್ಟ್ರು ಬೇಗನೇ ಬಂದು ಕೂತರು.

"ಒಳ್ಳೇ ಎಲೆ ಎತ್ತಿಟ್ಟಿದೀಯ ತಾನೇ? ಬಂದ ಕೂಡಲೇ ಗಿಂಡಿ ಖಾಲಿ ಮಾಡಿ ಹೊಸದಾಗಿ ಹಾಕು. ಮರ್ಯಾದೆ ಪ್ರಶ್ನೆ."

"ಹಾಕಲ್ಲ ಮೇಷ್ಟ್ರೇ."

ಮೇಷ್ಟ್ರು ತಬ್ಬಿಬ್ಬಾದರು. ಬಾಗಿಲಿಗೆ ಹೊಸಬರು ಬಂದರೆ, ಈಗಷ್ಟೇ ತುಂಬಿದ ಎಲೆಯಾದರೂ ಸುರಿದು ಬೇರೆ ಹಾಕುವುದು ಆ ಊರಿನ ಕ್ರಮ. ಹಾಕದಿದ್ದರೆ ಬಂದವರನ್ನು ಬಾಗಿಲಲ್ಲೇ ಬೈದ ಹಾಗೆ. ಹಳೆ ಎಲೆಯಲ್ಲೇ ಕುಡಿಯುವವರು ಮನೆಯವರು ಮಾತ್ರ. ಹೊಲದಿಂದ, ಪೇಟೆಯಿಂದ ಬಂದವರು ಕೂತು, ನಡೆಯುತ್ತಿರುವ ಗಿಂಡಿಯಿಂದಲೇ ಒಂದು ಬಟ್ಟಲು ಎತ್ತಿಕೊಳ್ಳುತ್ತಾರೆ.

"ಪೇಟೆಗೆ ಹೋಗಿದ್ದರು, ಬಂದರು. ಅಷ್ಟೇ," ಎಂದಳು ಸಿಯು-ಖಿಮ್. "ಸ್ವಲ್ಪ ತಡವಾಯ್ತು."

ಮೇಷ್ಟ್ರಿಗೆ ನಗು ಬರಲಿಲ್ಲ. ಸೋಂಗ್ ವಂಶದ ದೊರೆ ಶತ್ರುಗಳಿಗೆ ಹೆದರಿ ಓಡಿ ಬಂದಾಗ ಬಾಯಾರಿ ಇದೇ ಬೆಟ್ಟದ ಎಲೆ ಅಗಿದನಂತೆ ಎಂಬ ಕಥೆಯನ್ನು ನೂರನೇ ಸಲ ತೆಗೆದರು. ಅಲ್ಲಿಂದ ಆರೋಗ್ಯಕ್ಕೆ ಬಂದರು.

"ಹಂದಿಕೊಬ್ಬು ಕರಗಿಸೋಕೆ ಇದಕ್ಕಿಂತ ಔಷಧಿ ಇಲ್ಲ. ಆದ್ರೆ ನೀನು ಕಮ್ಮಿ ಮಾಡು. ನಿದ್ದೆ ಕೆಡತ್ತೆ."

"ನನ್ನ ನಿದ್ದೆ ಕೆಡಿಸಿದ್ದು ಚಹಾ ಅಲ್ಲ ಮೇಷ್ಟ್ರೇ."

ಮೂರನೆಯ ನೀರು ಹುಯ್ಯುವ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ತಲೆ ಪೂರಾ ನರೆತಿತ್ತು, ಹೊಟ್ಟೆ ಬಂದಿತ್ತು. ಆದರೆ ಹೊಸ್ತಿಲ ಹತ್ತಿರ ತಲೆ ಬಗ್ಗಿಸಿದ ರೀತಿ ಅವನದೇ. ಸಿಯು-ಖಿಮ್ ಹುಯ್ಯುತ್ತಿದ್ದ ನೀರು ಗಿಂಡಿ ತುಂಬಿ ತಟ್ಟೆಗೆ ಹರಿಯಿತು. ಎಷ್ಟು ವರ್ಷದ ಸಿಟ್ಟು ಕೂಡಿಟ್ಟಿದ್ದಳೋ, ಅದೆಲ್ಲ ಎಲ್ಲಿ ಹೋಯಿತೋ. ಅವನು ಪಕ್ಕದಲ್ಲಿ ಕೂತರೆ ಸಾಕು ಅನ್ನಿಸಿತು.

"ಚೆನ್ನಾಗಿದೀಯಾ?" ಎಂದ ಬೂನ್-ಹಾಕ್.

"ಇದೀನಿ. ಕೂತ್ಕೊಳ್ಳಿ."

ಅವನು ಕೂತ. ಅವಳು ಗಿಂಡಿ ಎತ್ತಿ ಅದೇ ಎಲೆಯ ಚಹಾವನ್ನು ಮೂರೂ ಬಟ್ಟಲಿಗೆ ಸುತ್ತಿ ಸುರಿದು, ಒಂದನ್ನು ಅವನ ಕಡೆ ಸರಿಸಿದಳು. ಮೇಷ್ಟ್ರು ಅವನ ಕೈಯನ್ನೇ ನೋಡುತ್ತಿದ್ದರು.

ಬೂನ್-ಹಾಕ್ ಬಟ್ಟಲು ನೋಡಿದ, ಆಮೇಲೆ ಗಿಂಡಿಯನ್ನು. ಅವನಿಗೆ ತಿಳಿಯಿತು. ಬ್ಯಾಂಕಾಕಿನಲ್ಲೂ ತನ್ನೂರಿನವರ ಬೀದಿಯಲ್ಲೇ ಮೂವತ್ತೆರಡು ವರ್ಷ ಇದೇ ಚಹಾ ಕುಡಿದವನು, ತಿಳಿಯದೆ ಏನು? ಅವನ ಕಣ್ಣು ತುಂಬಿತು. ಕೈ ಮಾತ್ರ ಬಟ್ಟಲಿಗೆ ಹೋಗಲಿಲ್ಲ.

"ಖಿಮ್, ಎಲೆ ಬದಲಿಸು."

"ನಿಮಗೂ ಬದಲಿಸ್ಬೇಕಾ?"

"ಬದಲಿಸು. ಇದನ್ನ ಕುಡಿದು ಸಂಜೆ ಎದ್ದು ಹೋದ್ರೆ ನಿಂಗೆ ಎರಡನೇ ಸಲ ಮೋಸ ಮಾಡಿದ ಹಾಗೆ. ಅಲ್ಲಿ ಅವಳಿಗೆ ಕಾಯಿಲೆ, ನಾನಿಲ್ದೆ ನಡೆಯಲ್ಲ. ಇನ್ನೊಂದ್ಸಲ ಬರೋಕಾಗುತ್ತೆ ಅಂತ ನಂಗೆ ನಂಬಿಕೆ ಇಲ್ಲ."

ಸಿಯು-ಖಿಮ್ ಅಳಲಿಲ್ಲ. ಗಿಂಡಿಯ ಎಲೆಯನ್ನು ಬೆರಳಿನಿಂದ ಬಗೆದು ಬೋಗುಣಿಗೆ ಹಾಕಿದಳು. ಒಳಗಿನಿಂದ ಹೊಸ ಎಲೆ ತಂದು ತುಂಬಿದಳು. ಮೊದಲ ನೀರು ಚೆಲ್ಲಿ, ಎರಡನೆಯದನ್ನು ಸುರಿದು, ಕ್ರಮದ ಪ್ರಕಾರ ಅವನ ಮುಂದೆ ಮೊದಲು ಇಟ್ಟಳು. ಅವನು ಎರಡು ಬೆರಳಿನಿಂದ ಮೇಜು ತಟ್ಟಿ ವಂದಿಸಿ ಕುಡಿದ.

ಸಂಜೆಯ ತನಕ ಮಾತಾಡಿದರು. ಅವನ ತಾಯಿಯ ಕೊನೆಯ ದಿನಗಳು, ಅವನ ಮಕ್ಕಳ ಹೆಸರು, ಯಾರು ಸತ್ತರು, ಯಾರ ಮನೆ ಬಿತ್ತು. ಹೊರಟಾಗ ಅವಳು ಓಣಿಯ ತುದಿಯ ತನಕ ಜೊತೆಗೆ ನಡೆದಳು. ಹೋಗಬೇಡಿ ಎನ್ನಬೇಕೆನ್ನಿಸಿತು. ಅದನ್ನು ನುಂಗಿ, ಆ ಊರಿನಲ್ಲಿ ಮನೆಗೆ ಬಂದ ಯಾರನ್ನಾದರೂ ಕಳಿಸಿಕೊಡುವಾಗ ಹೇಳುವುದನ್ನೇ ಹೇಳಿದಳು.

"ಬಿಡುವಾದಾಗ ಚಹಾಕ್ಕೆ ಬನ್ನಿ."