ಶಾಲ್ಮಲೆಯ ಹಾಡು

ಬಳೆ ಅಂಗಡಿಯ ಚಾಪೆಯ ಮೇಲೆ ಅತ್ತಿಗೆ ಕೈ ಚಾಚಿ ಕುಳಿತಿದ್ದರು. ಹಸಿರು ಬಳೆ ಗೆಣ್ಣು ದಾಟುವ ಹೊತ್ತಿಗೆ ಪಕ್ಕದ ಹೆಂಗಸಿನ ಫೋನಿನಲ್ಲಿ ಹಾಡೊಂದು ಶುರುವಾಯಿತು: "ಅಳಬ್ಯಾಡ ನನ್ನ ಕೂಸ, ಅಂಗಳಕ ಮುಗಿಲ ಬಂದೈತಿ." ಅತ್ತಿಗೆಯ ಕೈ ಬಿಗಿಯಿತು. ಬಳೆ ಒಡೆಯಿತು.

ಅದು ಅವರೇ ಕಟ್ಟಿದ ಹಾಡು. ನನ್ನ ಅಣ್ಣನ ಒಬ್ಬಳೇ ಮಗಳು ಶಾಲ್ಮಲಾ, ಮೂರು ತುಂಬುವ ಮೊದಲೇ ಜ್ವರ ಬಂದು ತೀರಿಕೊಂಡಿದ್ದಳು. ಆಮೇಲೆ ಮನೆಯಲ್ಲಿ ಯಾರೂ ಆ ಹೆಸರೆತ್ತಲಿಲ್ಲ. ಅತ್ತಿಗೆ ಮಾತ್ರ, ಅದೂ ಹಾಡಿನೊಳಗೆ, "ಅಳಬ್ಯಾಡ ನನ್ನ ಶಾಲ್ಮಲಾ" ಎನ್ನುತ್ತಿದ್ದರು. ನೆಂಟರ ಮನೆಯ ತೊಟ್ಟಿಲ ಶಾಸ್ತ್ರದಲ್ಲಿ ಒಮ್ಮೆ ಒತ್ತಾಯಕ್ಕೆ ಹಾಡಿದ್ದನ್ನು ಯಾರೋ ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದರು. ಅದು ಕೈಯಿಂದ ಕೈಗೆ ದಾಟಿ ಮೃಣಾಲಿನಿ ಎಂಬ ಗಾಯಕಿಗೆ ಸಿಕ್ಕಿತ್ತು. ಅವಳು ಹಾಡಿ, ಅಂತರ್ಜಾಲಕ್ಕೆ ಹಾಕಿ, ಕೆಳಗೆ 'ಜನಪದ ಗೀತೆ' ಎಂದು ಬರೆದಿದ್ದಳು. ಊರೂರಲ್ಲಿ ತಾಯಂದಿರು ಅದನ್ನು ಕೇಳಿಸಿ ಮಕ್ಕಳನ್ನು ಮಲಗಿಸುತ್ತಿದ್ದರು.

ವಿಳಾಸ ಹುಡುಕಿಕೊಂಡು ನಾನೂ ಅತ್ತಿಗೆಯೂ ಹೋದೆವು. ಮೃಣಾಲಿನಿ ಒಳ್ಳೆಯ ಹುಡುಗಿ. ವಿಷಯ ತಿಳಿದು ಅವಳ ಮುಖ ಸಣ್ಣದಾಯಿತು. ಹಳೆಯ ಹಾಡೆಂದೇ ನಂಬಿದ್ದೆ, ಯಾರದೆಂದು ವಿಚಾರಿಸಬೇಕಿತ್ತು ಎಂದಳು. ಕೆಳಗೆ ಅತ್ತಿಗೆಯ ಹೆಸರು ಹಾಕುವುದಾಗಿಯೂ, ಬಂದ ಹಣದಲ್ಲಿ ಪಾಲು ಕೊಡುವುದಾಗಿಯೂ ಹೇಳಿದಳು.

ಅತ್ತಿಗೆ ಬೇಡವೆಂದು ತಲೆಯಾಡಿಸಿದರು. "ನನ್ನ ಹೆಸರಿರಲಿ ಬಿಡವ್ವಾ. ನನ್ನ ಮಗಳ ಹೆಸರು ಯಾಕ ತಗದಿ?"

ಯಾವ ತಾಯಿಯಾದರೂ ಹಾಡಿಕೊಳ್ಳಲಿ ಎಂದು ಬದಲಿಸಿದೆ ಎಂದ ಹುಡುಗಿ, ಮೆಲ್ಲಗೆ, "ಈಗ ಕೇಳ್ತೀನ್ರಿ, ನಾ ಹಾಡಲೇನ್ರಿ?" ಎಂದಳು.

"ಬ್ಯಾಡ," ಎಂದರು ಅತ್ತಿಗೆ.

ಅಂದೇ ಅವಳು ಹಾಡನ್ನು ತೆಗೆದುಹಾಕಿದಳು. ಆದರೆ ಅಷ್ಟರಲ್ಲಿ ಬೇರೆಯವರು ನಕಲು ಮಾಡಿಕೊಂಡಿದ್ದರು. 'ಕೂಸ' ಎಲ್ಲೆಲ್ಲೂ ಕೇಳುತ್ತಲೇ ಇತ್ತು. ಮಾವಿನಕಾಯಿಯ ದಿನಗಳು ಬಂದಾಗ ಮೃಣಾಲಿನಿ ತಾನಾಗಿಯೇ ನಮ್ಮ ಮನೆಗೆ ಬಂದಳು. ಫೋನನ್ನು ಚೀಲದಲ್ಲೇ ಬಿಟ್ಟು ಅತ್ತಿಗೆಯ ಎದುರು ಕುಳಿತು, "ಹಾಡೋದು ಬ್ಯಾಡ ಅಂದ್ರಿ, ಹಾಡಂಗಿಲ್ಲ. ಆದ್ರ ಶಾಲ್ಮಲಾ ಹೆಂಗಿದ್ದಳು, ಹೇಳ್ರಿ," ಎಂದಳು.

ಇಷ್ಟು ವರ್ಷ ನಾವ್ಯಾರೂ ಕೇಳದ ಮಾತು ಅದು.

ಮಗುವಿಗೆ ಅಪ್ಪನ ಚಪ್ಪಲಿಯೆಂದರೆ ಪ್ರಾಣ, ಯಾವಾಗಲೂ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿಕೊಳ್ಳುತ್ತಿತ್ತು ಎಂದರು ಅತ್ತಿಗೆ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದರು. ಎರಡೂ ಕೈ ಅಗಲಿಸಿ, ಕಾಲೆಳೆಯುತ್ತ, ಪಡಸಾಲೆಯ ಈ ಗೋಡೆಯಿಂದ ಆ ಗೋಡೆಯವರೆಗೆ ನಡೆದು ತೋರಿಸಿದರು.