ಶುಕ್ರವಾರದ ಓಟು

ಸೌದಿಯ ಜಿದ್ದಾದ ಶರಫಿಯಾ ಪೇಟೆಯಲ್ಲಿ ಊರಿಗೆ ಹಣ ಕಳಿಸುವ ಕೌಂಟರಿನ ಹಿಂದೆ ಕೂರುವ ಝುಬೈರನಿಗೆ ಎರಡು ಹುಚ್ಚು. ಒಂದು ಇರುವೆ, ಇನ್ನೊಂದು ಇಲೆಕ್ಷನ್. ಎರಡನ್ನೂ ತಲೆಗೆ ಹತ್ತಿಸಿದವನು ಜಾನ್ ಲಬಕ್ ಎಂಬ, ನೂರೈವತ್ತು ವರ್ಷ ಹಿಂದಿನ ಇಂಗ್ಲೆಂಡಿನ ಬ್ಯಾಂಕರು. ಆ ಪುಣ್ಯಾತ್ಮ ಇರುವೆಗಳಿಗೆ ಬಣ್ಣದ ಚುಕ್ಕೆ ಇಟ್ಟು ಅವುಗಳ ಓಡಾಟ ಬರೆದಿಡುತ್ತಿದ್ದನಂತೆ. ಪಾರ್ಲಿಮೆಂಟಿಗೆ ಹೋಗಿ ಬ್ಯಾಂಕಿನ ಗುಮಾಸ್ತರಿಗೆ ರಜೆಯ ಕಾನೂನನ್ನೂ ಮಾಡಿಸಿದನಂತೆ. ಝುಬೈರನೂ ಹೆಂಡತಿ ಶಹಾನಾಳ ಉಗುರುಬಣ್ಣ ಎಗರಿಸಿ, ಗಾಜಿನ ಭರಣಿಯಲ್ಲಿ ಇರುವೆ ಸಾಕಿದ. ಊರವರ ಸಂಘದ ಅಧ್ಯಕ್ಷಗಿರಿಗೆ ನಿಂತೂಬಿಟ್ಟ.

ಅವನು ಕೇಳಿದ್ದು ಒಂದೇ. ಸಂಘದ ಪಿಕ್‌ನಿಕ್ ಶುಕ್ರವಾರ ಬೇಡ, ಶನಿವಾರ ಆಗಲಿ. ಶುಕ್ರವಾರ ಎಲ್ಲರಿಗೂ ರಜೆ, ಅದಕ್ಕೇ ಕೌಂಟರಿನವರಿಗೆ ಉಸಿರಾಡಲು ಪುರುಸೊತ್ತಿಲ್ಲ. ನಾಲ್ಕು ವರ್ಷದಿಂದ ಮಗಳು ಝಿಕ್ರಾ ಹಗ್ಗಜಗ್ಗಾಟದಲ್ಲಿ ಬೇರೆಯವರ ಅಪ್ಪಂದಿರ ಹಿಂದೆ ನಿಂತು ಎಳೆಯುತ್ತಿದ್ದಳು. ಅದು ಅವನಿಗೆ ನಿಜಕ್ಕೂ ನೋಯುತ್ತಿತ್ತು.

ಮತದಾನವನ್ನೂ ಶುಕ್ರವಾರವೇ ಇಟ್ಟಿದ್ದರು, ನೋಡಿ ಇವರ ಬುದ್ಧಿ. ಸಂಜೆ ಏಳಕ್ಕೆ ಮುಗಿಯಬೇಕು. ಐದಾದರೂ ಅಭ್ಯರ್ಥಿ ಮಹಾಶಯ ಕೌಂಟರು ಬಿಟ್ಟು ಎದ್ದಿರಲಿಲ್ಲ.

ಆಗ ಸಾಲಿನಲ್ಲಿ ಎದುರಾಳಿಯೇ ಬಂದರು. ಹದಿನೈದು ವರ್ಷದಿಂದ ಅಧ್ಯಕ್ಷರಾಗಿದ್ದ, ಭಟ್ಕಳದ ಬಟ್ಟೆ ವ್ಯಾಪಾರಿ ಝಿಯಾವುದ್ದೀನ್ ಸಾಹೇಬರು. ಕೌಂಟರಿನ ಮೇಲಿದ್ದ ಇರುವೆ ಭರಣಿ ಕಂಡು ಇದು ಎಂತದೆಂದು ಕೇಳಿದರು. ಕೆಂಪು ಚುಕ್ಕೆಯವು ಬೆಳಗಿನಿಂದ ಸುಮ್ಮನೆ ಕೂತಿವೆ, ದುಡಿಯುವ ಬಿಳಿ ಚುಕ್ಕೆಯವನ್ನು ತೆಗೆದರೆ ಇವೇ ಎದ್ದು ಕೆಲಸಕ್ಕೆ ಇಳಿಯುತ್ತವೆ ಎಂದು ಝುಬೈರ್ ವಿವರಿಸಿದ.

“ನಿನ್ನ ಬದಲಿಗೆ ಕೂರುವವರು ಯಾರೂ ಇಲ್ವಾ?”

“ಶುಕ್ರವಾರ ಇಲ್ಲ ಸಾಹೇಬ್ರೆ. ಈ ಬೀದಿಯ ಕೌಂಟರುಗಳಲ್ಲಿ ನಮ್ಮವರು ಇಪ್ಪತ್ತಮೂರು ಜನ ಇದ್ದೇವೆ. ಇಷ್ಟು ವರ್ಷದಲ್ಲಿ ಒಬ್ಬನೂ ಓಟು ಹಾಕಿದ್ದಿಲ್ಲ.”

ಸಾಹೇಬರ ಮುಖ ಸಣ್ಣದಾಯಿತು. ಸರಸರನೆ ಹೊರಟರು. ಹಿರಿಯರಿಗೆ ಹಾಗೆ ಹೇಳಬಾರದಿತ್ತೇನೋ ಎಂದು ಝುಬೈರ್ ಕೈಕೈ ಹಿಸುಕಿಕೊಂಡ.

ನಮಾಝಿನ ಹೊತ್ತಿಗೆ ಬೀದಿಯ ಕೌಂಟರುಗಳೆಲ್ಲ ಶಟರ್ ಇಳಿಸಿದವು. ಸಂಜೆಯ ಮಗ್ರಿಬ್ ನಮಾಝ್ ಮುಗಿಸಿ ಎಲ್ಲರೂ ಮಸೀದಿಯಿಂದ ಹೊರಬಂದರೆ, ಮೆಟ್ಟಿಲ ಬಳಿ ಸಾಹೇಬರು ಮತಪೆಟ್ಟಿಗೆ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಚುನಾವಣೆ ನಡೆಸುವ ತಮೀಮ್.

“ಯಲ್ಲಾ, ಬೇಗ ಹಾಕಿ ಮಾರಾಯ್ರೆ. ಶಟರ್ ಎತ್ತಲಿಕ್ಕೆ ಇನ್ನು ಹತ್ತೇ ನಿಮಿಷ ಉಂಟು,” ಎಂದು ಸಾಹೇಬರು ಅವಸರಿಸಿದರು.

ಇಪ್ಪತ್ತಮೂರು ಮಂದಿಯೂ ಸಾಲು ನಿಂತು ಹಾಕಿದರು.

ಝುಬೈರ್ ಹನ್ನೊಂದು ಓಟಿನಿಂದ ಗೆದ್ದ. ಎಣಿಕೆ ಮುಗಿದದ್ದೇ ಸಾಹೇಬರು ಶಾಲು ಹಿಡಿದು ಕೌಂಟರಿಗೆ ಬಂದರು. ಖುಷಿ ಉಕ್ಕುತ್ತಿದ್ದರೂ ಅವರ ಮುಖ ನೋಡಲು ಝುಬೈರನಿಗೆ ಧೈರ್ಯವಾಗಲಿಲ್ಲ. ಈ ಇಪ್ಪತ್ತಮೂರು ಓಟಿನಿಂದಲೇ ಸೋಲುತ್ತೇನೆಂದು ಗೊತ್ತಿದ್ದೂ ಪೆಟ್ಟಿಗೆಯನ್ನು ತಾವೇ ಯಾಕೆ ಹೊತ್ತು ತಂದಿರಿ ಎಂದು ತಡವರಿಸುತ್ತಾ ಕೇಳಿದ.

“ಮತ್ತೆ ಯಾರು ತರುವುದು?” ಎಂದು ಸಾಹೇಬರು ಅವನ ಹೆಗಲಿಗೆ ಶಾಲು ಹೊದಿಸಿದರು. “ಏಳು ಗಂಟೆಯವರೆಗೆ ಅಧ್ಯಕ್ಷ ನಾನೇ ಅಲ್ವಾ.”